ಸೋಮವಾರದ ಬಣ್ಣ

ಪ್ರಿಯ ಗೆಳೆಯಾ,

ಸೋಮವಾರ ಕಂದು ಬಣ್ಣದ್ದು ಎಂದು ನಿನ್ನ ಮಗಳು ಹೇಳಿದಳು, ನೀನು ನಕ್ಕಿದ್ದಕ್ಕೆ ಮುನಿಸಿಕೊಂಡಳು ಎಂದು ಬರೆದಿದ್ದೀಯ. ಅವಳ ಮುನಿಸು ನ್ಯಾಯವಾದದ್ದೇ. ಆದರೆ ಸೋಮವಾರ ಕಂದಲ್ಲ, ಮಸುಕು ನೀಲಿ. ಈ ವಿಷಯದಲ್ಲಿ ನಾನೂ ಅವಳೂ ಎಂದೂ ರಾಜಿಯಾಗಲಾರೆವು.

ಇದನ್ನು ಸಿನೆಸ್ತೇಸಿಯಾ ಎನ್ನುತ್ತಾರೆ. ಒಂದನ್ನು ಕಂಡರೆ, ಕೇಳಿದರೆ ಅಥವಾ ನೆನೆದರೆ ಸಾಕು, ಕರೆಯದೆಯೇ ಇನ್ನೊಂದು ಅನುಭವ ಜೊತೆಗೆ ಬಂದುಬಿಡುತ್ತದೆ. ಕೆಲವರಿಗೆ ಸಂಗೀತದಲ್ಲಿ ಬಣ್ಣ, ತೀರಾ ಅಪರೂಪಕ್ಕೆ ಪದಗಳಲ್ಲಿ ರುಚಿ. ಬೇರೊಬ್ಬರ ಕೆನ್ನೆ ಮುಟ್ಟಿದ್ದನ್ನು ನೋಡಿದರೆ ತಮ್ಮ ಕೆನ್ನೆಯೇ ಮುಟ್ಟಿದಂತಾಗುವವರೂ ಇದ್ದಾರೆ. ಅವರು ಹೊಡೆದಾಟದ ಸಿನಿಮಾವನ್ನು ಹೇಗೆ ನೋಡುತ್ತಾರೋ!

ನನ್ನದು ಅಕ್ಷರ, ಅಂಕಿ, ವಾರಗಳ ಮಟ್ಟಿಗೆ. ಮುದ್ರಿತ ಪುಟ ನಿನಗೆ ಕಾಣುವಷ್ಟೇ ಕಪ್ಪಾಗಿ ನನಗೂ ಕಾಣುತ್ತದೆ. ಆದರೂ 7 ಹಸಿರು ಎಂಬುದು ನನಗೆ ತಿಳಿದಿರುತ್ತದೆ. ಹಾಗೆ ತಿಳಿಯುವುದಕ್ಕೆ ಯೋಚಿಸಬೇಕಿಲ್ಲ, ಬೇಡವೆಂದರೆ ನಿಲ್ಲುವುದೂ ಇಲ್ಲ. ಕೆಲವರಿಗೆ ಬಣ್ಣ ನಿಜವಾಗಿಯೂ ಕಾಗದದ ಮೇಲೆಯೇ ಕಾಣುತ್ತದಂತೆ. ಹೆಸರಿನ ಮೊದಲ ಅಕ್ಷರದ ಬಣ್ಣ ಇಡೀ ಹೆಸರಿಗೆ ಹರಡುವುದರಿಂದ ನನಗೆ ಮಮತಾ, ಮಾಲತಿ ಇಬ್ಬರೂ ಕಡುಗೆಂಪು. ಯಾರದೋ ಹೆಸರು ಮರೆತಾಗಲೂ ಅದರ ಬಣ್ಣ ಮಾತ್ರ ನೆನಪಿರುತ್ತದೆ, ಇದೊಂದು ವಿಚಿತ್ರ ಹಿಂಸೆ.

ಇದೆಲ್ಲ ಕಲ್ಪನೆಯಿರಬಹುದೆಂಬ ನಿನ್ನ ಅನುಮಾನ ಹೊಸದಲ್ಲ. ಜಾರ್ಜ್ ಸ್ಯಾಕ್ಸ್ ಎಂಬ ವೈದ್ಯ 1812ರಲ್ಲೇ ತನ್ನ ಇಂಥ ಅನುಭವವನ್ನು ಬರೆದಿಟ್ಟಿದ್ದ. ಆದರೂ ಬಹಳ ಕಾಲ ವಿಜ್ಞಾನಿಗಳು ಇಂಥ ಮಾತನ್ನು ಅರೆಮನಸ್ಸಿನಿಂದಲೇ ಕೇಳಿದರು. 2001ರಲ್ಲಿ ಮಿದುಳಿನ ಸಂಶೋಧಕರಾದ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಒಂದು ಜಾಣ ಪರೀಕ್ಷೆಯನ್ನು ಪ್ರಕಟಿಸಿದರು. ಚದುರಿದ ಕಪ್ಪು 5ಗಳ ನಡುವೆ ಕೆಲವು ಕಪ್ಪು 2ಗಳು ಸೇರಿ ತ್ರಿಕೋನದಂಥ ಆಕಾರವೊಂದನ್ನು ಮಾಡಿರುತ್ತವೆ. ಉಳಿದವರು ಹುಡುಕುವ ಆ ಆಕಾರವನ್ನು ಅಂಕಿಗಳಿಗೆ ಬಣ್ಣ ಕಾಣುವವರು ಹೆಚ್ಚು ಸುಲಭವಾಗಿ ಗುರುತಿಸಿದರು. ಮಿದುಳಿನಲ್ಲಿ ಅಂಕಿಯನ್ನು ಗುರುತಿಸುವ ಭಾಗವೂ ಬಣ್ಣವನ್ನು ಗ್ರಹಿಸುವ ಭಾಗವೂ ಅಕ್ಕಪಕ್ಕದಲ್ಲಿವೆ. ಅವೆರಡರ ನಡುವಿನ ಹೆಚ್ಚುವರಿ ಸಂಪರ್ಕವೇ ಕಾರಣವಿರಬಹುದು ಎಂಬುದು ಅವರ ವಾದ. ಬೇರೆ ವಾದಗಳೂ ಇವೆ.

ಇದು ಮನೆತನದಲ್ಲಿ ಹರಿದು ಬರುವುದುಂಟು. ಕಾದಂಬರಿಕಾರ ನಬೊಕೊವ್‌ಗೂ ಅವರ ತಾಯಿಗೂ ಅಕ್ಷರಗಳಲ್ಲಿ ಬಣ್ಣವಿತ್ತು. ಆದರೆ ಯಾವ ಅಕ್ಷರಕ್ಕೆ ಯಾವ ಬಣ್ಣ ಎಂಬುದು ಹುಟ್ಟಿನಿಂದ ಬರಬೇಕಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 11 ಜನರ ಬಣ್ಣಗಳು, ಬಾಲ್ಯದಲ್ಲಿ ಫ್ರಿಜ್ ಬಾಗಿಲಿಗೆ ಅಂಟಿಸುತ್ತಿದ್ದ ಆಯಸ್ಕಾಂತದ ಅಕ್ಷರಗಳ ಬಣ್ಣಗಳಿಗೆ ಅಚ್ಚರಿಯಾಗುವಷ್ಟು ಹೊಂದಿಕೊಂಡವು. ನನ್ನ 7 ಯಾವ ಆಟಿಕೆಯಿಂದ ಬಂತೋ.

ಮಗಳನ್ನು ವೈದ್ಯರ ಬಳಿ ಕರೆದೊಯ್ಯಬೇಕೇ ಎಂದು ಕೇಳಿದ್ದೀಯ. ಬೇಡ, ಇದು ಕಾಯಿಲೆಯಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೋ, ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆಯೋ ಶುರುವಾದರೆ ಮಾತು ಬೇರೆ. ಕುತೂಹಲವಿದ್ದರೆ ಅವಳು ಹೇಳಿದ ಬಣ್ಣಗಳನ್ನು ಬರೆದಿಟ್ಟುಕೊಂಡು, ಕೆಲವು ತಿಂಗಳ ನಂತರ ಸುಳಿವು ಕೊಡದೆ ಮತ್ತೆ ಕೇಳು, ಅವೇ ಬಣ್ಣಗಳು ಬರುತ್ತವೆಯೇ ನೋಡು. ಪುಟ್ಟ ಮಕ್ಕಳಲ್ಲಿ ಅಷ್ಟಿಷ್ಟು ಬದಲಾಗುವುದು ಸಹಜ, ವಯಸ್ಸಾದಂತೆ ಗಟ್ಟಿಯಾಗುತ್ತದೆ. ಬಂದವರ ಮುಂದೆಲ್ಲ ನಿಲ್ಲಿಸಿ ಹೇಳಿಸಬೇಡ. ಬಣ್ಣಬಣ್ಣದ ಅಂಕಿಗಳ ಪುಸ್ತಕ ಕಂಡು ಸಿಡುಕಿದರೆ ಅದು ಸೋಮಾರಿತನವೆಂದು ಬೈಯಬೇಡ. ತಪ್ಪು ಬಣ್ಣದ ಅಂಕಿ ನಮ್ಮಂಥವರನ್ನು ನಿಧಾನಗೊಳಿಸುತ್ತದೆ. ಲೆಕ್ಕವನ್ನು ಕಪ್ಪು ಪೆನ್ಸಿಲ್‌ನಲ್ಲಿ ಬರೆದುಕೊಡು.

ನಿನ್ನ
ಗೆಳೆಯ