ಶನಿವಾರದ ನುಡಿನಮನದ ಕುರಿತು

ಪ್ರಿಯ ಪೋಷಕರೇ,

ನಮಸ್ಕಾರ. ಸೋಮವಾರ ಪ್ರಾರ್ಥನೆಯಾದ ಮೇಲೆ ನಮ್ಮ ಶಾಲೆಯ ನಿವೃತ್ತ ಕ್ಲರ್ಕ್, ಎಲ್ಲರೂ ಆಫೀಸಮ್ಮ ಎಂದು ಕರೆಯುತ್ತಿದ್ದವರು ತೀರಿಕೊಂಡಿದ್ದಕ್ಕೆ ಶ್ರದ್ಧಾಂಜಲಿ ಸಲ್ಲಿಸಿದ್ದರ ಬಗ್ಗೆ ಕೆಲವರು ಫೋನ್ ಮಾಡಿ ಬೇಸರ ಹೇಳಿಕೊಂಡಿರಿ. ಹೋದ ಪೀರಿಯಡ್ಡನ್ನು ಸರಿದೂಗಿಸುತ್ತೇವೆ, ಅದು ದೊಡ್ಡ ವಿಷಯವಲ್ಲ. ಚಿಕ್ಕ ಮಕ್ಕಳ ಮುಂದೆ ಸಾವಿನ ಮಾತು ಬೇಕಿತ್ತೇ ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರ ಹೇಳಲೇಬೇಕು. ಒಂದು ಮಗು ರಾತ್ರಿಯಿಡೀ ತನ್ನ ಅಜ್ಜಿಯ ಸೆರಗು ಬಿಡಲಿಲ್ಲವಂತೆ. ಆ ತಾಯಿಯ ಕಳವಳ ನನಗೆ ಅರ್ಥವಾಗುತ್ತದೆ.

ಆದರೆ ಸುದ್ದಿ ಮಕ್ಕಳಿಗೆ ಮೊದಲೇ ಮುಟ್ಟಿತ್ತು. ಆಫೀಸಮ್ಮನ ಮೊಮ್ಮಗಳು ನಮ್ಮಲ್ಲೇ ಓದುತ್ತಾಳೆ. ನಿವೃತ್ತರಾದ ಮೇಲೂ ಅವರು ಸಂಜೆ ಗೇಟಿನ ಬಳಿ ಅವಳಿಗಾಗಿ ಕಾಯುತ್ತಿದ್ದರು; ಆಟೋ ತಡವಾದ ಮಕ್ಕಳೆಲ್ಲ ಅವರ ಸುತ್ತ ಸೇರುತ್ತಿದ್ದವು. ಅಜ್ಜಿ ಎಲ್ಲಿ ಎಂದು ಮಕ್ಕಳು ಕೇಳಿದಾಗ ಊರಿಗೆ ಹೋಗಿದ್ದಾರೆ ಅನ್ನಬಹುದಿತ್ತು. ತಿಥಿ ಮುಗಿಸಿ ಮೊಮ್ಮಗಳು ಕ್ಲಾಸಿಗೆ ಬಂದು ಕೂತಾಗ ಆ ಸುಳ್ಳಿನ ಗತಿ ಏನು?

"ಒಬ್ಬ ಕ್ಲರ್ಕಿಗೆ ಇಷ್ಟೆಲ್ಲ ಯಾಕೆ ಸಾರ್?" ಎಂದವರೂ ಇದ್ದಾರೆ. ಅವರಿಗೆ ನೇರವಾಗಿ ಹೇಳುತ್ತೇನೆ. ಹಿಂದೆ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗಳಲ್ಲಿ ಜೂನ್ 1 ಎಂದು ಬರೆದುಬಿಡುವ ರೂಢಿಯಿತ್ತು. ನಿಮ್ಮಲ್ಲೇ ಎಷ್ಟೋ ಜನರ ಹುಟ್ಟುಹಬ್ಬ ದಾಖಲೆಯಲ್ಲಿ ಅವತ್ತೇ ಇರಬೇಕು! ಆಫೀಸಮ್ಮ ಅದನ್ನು ಒಪ್ಪುತ್ತಿರಲಿಲ್ಲ. "ಯುಗಾದಿಗೆ ಮುಂಚೆಯಾ, ಆಮೇಲಾ? ಮಳೆ ಹಿಡಿದಿತ್ತಾ?" ಎಂದು ತಾಯಂದಿರನ್ನು ಕೂರಿಸಿ ವಿಚಾರಿಸಿ, ಗ್ರಾಮಲೆಕ್ಕಿಗರ ಹತ್ತಿರ ಜನನ ಪತ್ರ ಮಾಡಿಸಿಕೊಂಡು ಬನ್ನಿ ಅನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಪ್ಪು ದಿನಾಂಕ ಕೂತರೆ ಕೋರ್ಟಿಗೆ ಅಲೆಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಸ್ಕಾಲರ್‌ಶಿಪ್ಪಿನ ಕೊನೆಯ ದಿನ ಹತ್ತಿರವಾದರೆ, ಜಾತಿ–ಆದಾಯ ಪತ್ರ ತರದವರ ಮನೆಗೆ ಪಕ್ಕದ ಮನೆಯ ಮಕ್ಕಳ ಕೈಲಿ ಚೀಟಿ ಹೋಗುತ್ತಿತ್ತು. ಸೈಕ್ಲೋಸ್ಟೈಲ್ ಕಾಲದಿಂದ ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿಯವರೆಗೆ ಈ ಶಾಲೆಯ ಕಾಗದಪತ್ರ ನೋಡಿಕೊಂಡವರು ಅವರು. ಸಿಡುಕಿಯೂ ಹೌದು. ಸ್ಟಾಕ್ ಬುಕ್ಕಿನಲ್ಲಿ ಚಿತ್ತು ಮಾಡಿದರೆ ನನ್ನನ್ನೂ ಬಿಡುತ್ತಿರಲಿಲ್ಲ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಸಾವಿನ ಬಗ್ಗೆ ನಾವು ಪಾಠ ಮಾಡಲಿಲ್ಲ. ಅವರು ತೀರಿಕೊಂಡರು, ವಯಸ್ಸಾಗಿತ್ತು, ಕಾಯಿಲೆಯಿತ್ತು ಎಂದಷ್ಟೇ ಹೇಳಿ ಒಂದು ನಿಮಿಷ ಮೌನವಾಗಿ ನಿಂತೆವು. ಭಯ ಹುಟ್ಟಿಸುವುದು ಯಾರಿಗೂ ಬೇಕಿರಲಿಲ್ಲ. ಹಾಗೆಂದು ದಿನವೂ ಮಾತಾಡಿಸುತ್ತಿದ್ದವರು ಇಲ್ಲವಾದಾಗ ಏನೂ ಆಗಿಲ್ಲವೆಂಬಂತೆ ಮಗ್ಗಿ ಹೇಳಿಸುವುದು ನಮ್ಮಿಂದಾಗದು. ಮನೆಯಲ್ಲಿ ಮಗು ಏನಾದರೂ ಕೇಳಿದರೆ ದಯವಿಟ್ಟು ಗದರಬೇಡಿ. ಉತ್ತರ ತೋಚದಿದ್ದರೆ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ನಾನೂ ಇದ್ದೇನೆ.

ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನುಡಿನಮನ ಇಟ್ಟುಕೊಂಡಿದ್ದೇವೆ. ಹಳೆಯ ವಿದ್ಯಾರ್ಥಿಗಳು ಅವರ ಬಗ್ಗೆ ಮಾತಾಡುತ್ತಾರೆ. ಅವರು ದುಂಡಗಿನ ಅಕ್ಷರದಲ್ಲಿ ಬರೆದ ದಾಖಲಾತಿ ಪುಸ್ತಕಗಳನ್ನು ಆಫೀಸಿನಲ್ಲಿ ತೆರೆದಿಡುತ್ತೇವೆ; ಇಲ್ಲೇ ಓದಿದ ಪೋಷಕರು ತಮ್ಮ ಹೆಸರು ಹುಡುಕಿಕೊಳ್ಳಬಹುದು. ಕಡ್ಡಾಯವೇನಿಲ್ಲ.

ಮಗುವನ್ನು ಉಳಿಸಿಕೊಳ್ಳುವುದು ಬೇಡ ಅನ್ನುವವರು ಶುಕ್ರವಾರದೊಳಗೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ.

ಆಟೋದವರಿಗೆ ನಾವೇ ತಿಳಿಸುತ್ತೇವೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ