ಕೆರೆಯ ಹಸಿರು ನೀರಿನಿಂದ ನಾಯಿಗಳನ್ನು ಕಾಪಾಡಿ

ಮಾನ್ಯರೇ,

ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಕೆರೆ, ಹೊಂಡಗಳ ನೀರು ತಳ ಸೇರುತ್ತದೆ. ಅಪ್ಪನ ಕೆರೆ ಕಡೆ ನಾಯಿ ಹಿಡಿದುಕೊಂಡು ವಾಕಿಂಗ್ ಬರುವವರಿದ್ದಾರೆ. ದಯವಿಟ್ಟು ನಿಂತ ಹಸಿರು ನೀರಿಗೆ ನಾಯಿ ಬಾಯಿ ಹಾಕದಂತೆ ನೋಡಿಕೊಳ್ಳಿ.

ನಿಂತ ನೀರಿಗೆ ಚರಂಡಿ ನೀರು, ಹೊಲದ ಗೊಬ್ಬರ ಸೇರಿ ಬಿಸಿಲೂ ಬಿದ್ದರೆ ನೀಲಿ-ಹಸಿರು ಪಾಚಿ ಹುಲುಸಾಗಿ ಬೆಳೆಯುತ್ತದೆ. ಎಲ್ಲ ಪಾಚಿಯೂ ವಿಷವಲ್ಲ. ಆದರೆ ಯಾವುದು ವಿಷ ಅಂತ ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ಅನಾಟಾಕ್ಸಿನ್ ಎಂಬ ವಿಷ ನರಗಳಿಗೆ ಹೊಡೆಯುತ್ತದೆ. ನಾಯಿ ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ, ಫಿಟ್ಸ್ ಬಂದು ಒಂದು ಗಂಟೆಯೊಳಗೇ ಸಾಯಬಹುದು. ಮೈಕ್ರೋಸಿಸ್ಟಿನ್ ಎಂಬ ಇನ್ನೊಂದು ಪಾಚಿ ವಿಷ ಲಿವರ್ ಕೆಡಿಸುತ್ತದೆ. ಎರಡಕ್ಕೂ ಪ್ರತಿವಿಷ ಇಲ್ಲ. ಇದು ಹೊಸ ಸಂಗತಿಯೂ ಅಲ್ಲ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ನೀರು ಕುಡಿದು ಕುರಿ, ಕುದುರೆ, ನಾಯಿಗಳು ಸತ್ತ ವಿಷಯ 1878ರಲ್ಲೇ ವರದಿಯಾಗಿತ್ತು.

ಗಾಳಿ ಬೀಸಿದಾಗ ಪಾಚಿಯೆಲ್ಲ ಒಂದು ದಂಡೆಗೆ ಬಂದು ಕೆನೆಗಟ್ಟುತ್ತದೆ. ನಾಯಿ ನೀರು ಕುಡಿಯುವುದೂ ದಂಡೆಯಲ್ಲೇ ಅಲ್ವಾ? ಒಂದು ಕೋಲು ಅದ್ದಿ ಎತ್ತಿ ನೋಡಿ. ಎಳೆಎಳೆಯಾಗಿ ನೇತಾಡಿದರೆ ಬಹುಮಟ್ಟಿಗೆ ಸಾಮಾನ್ಯ ಪಾಚಿ. ಕೋಲಿಗೆ ಹಸಿರು ಪೇಂಟ್ ಬಳಿದ ಹಾಗೆ ಅಂಟಿದರೆ ಅಲ್ಲಿ ನಿಲ್ಲಲೇಬೇಡಿ. ಅನುಮಾನ ಇದ್ದರೂ ಅಷ್ಟೇ, ದೂರ ಕರೆದೊಯ್ಯಿರಿ. ದಂಡೆಯಲ್ಲಿ ಒಣಗಿ ಬಿದ್ದ ಪಾಚಿಯಲ್ಲೂ ವಿಷ ಉಳಿದಿರುತ್ತದೆ, ಅದನ್ನು ನಾಯಿ ಜಗಿಯಲು ಬಿಡಬಾರದು.

ನಾಯಿ ನೀರಿಗಿಳಿದೇ ಬಿಟ್ಟರೆ ಮೈ ನೆಕ್ಕಿಕೊಳ್ಳುವ ಮುಂಚೆ ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಕೂದಲಿಗೆ ಅಂಟಿದ ಪಾಚಿಯೂ ಹೊಟ್ಟೆ ಸೇರುತ್ತದೆ. ತೊಳೆಯುವಾಗ ಕೈಗವಸು ಇರಲಿ. ವಾಂತಿ, ನಡುಕ ಕಂಡರೆ ಸುಮ್ನೆ ಕಾಯಬೇಡಿ, ತಕ್ಷಣ ಪಶುವೈದ್ಯರ ಬಳಿ ಹೋಗಿ. ಕೆರೆ ನೀರು ಕುಡಿದಿದೆ ಅಂತ ಮೊದಲೇ ಹೇಳಿ.

ಸಾಕಿದ ನಾಯಿಗೆ ಮನೆಯಿಂದ ಬಾಟಲಿ ನೀರು ಒಯ್ಯಬಹುದು. ಬೀದಿ ನಾಯಿಗೆ ಯಾರಿದ್ದಾರೆ? ಅದಕ್ಕೆ ಬೇರೆ ನೀರು ಸಿಗದಿದ್ದರೆ ಹಸಿರು ನೀರೇ ಗತಿ. ಎಮ್ಮೆ, ಆಡುಗಳಿಗೂ ಇದೇ ಅಪಾಯ. ಮಹಾನಗರ ಪಾಲಿಕೆಯವರು ಕೆರೆಗಳ ಹತ್ತಿರ ಶುದ್ಧ ನೀರಿನ ತೊಟ್ಟಿ ಇಡಿಸಬೇಕು. ನೀರು ಹಸಿರಾದ ಕಡೆ ಓದಲು ಬರುವಷ್ಟು ದೊಡ್ಡ ಅಕ್ಷರದ ಎಚ್ಚರಿಕೆ ಬೋರ್ಡ್ ಹಾಕಬೇಕು. ಪಕ್ಕದ ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಅಲ್ಲಿನ ತಜ್ಞರ ನೆರವು ಕೇಳಿ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೆರೆಗಳ ನೀರನ್ನು ಪರೀಕ್ಷೆ ಮಾಡಿಸಲಿ. ಫಲಿತಾಂಶವನ್ನು ಪತ್ರಿಕೆಗಳಿಗೂ ಕೊಡಲಿ.

– ಒಬ್ಬ ಓದುಗ, ಕಲಬುರಗಿ