ಅಳಿಯನಿಗೆ ಪತ್ರ: ಮೊದಲು ಸೋಲ್ ಟ್ರೇಡರ್, ಕಂಪನಿ ಆಮೇಲೆ

ಲೆಸ್ಟರ್

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನೌಕರಿ ಬಿಟ್ಟು ಸ್ವಂತವಾಗಿ ಎಲೆಕ್ಟ್ರಿಕಲ್ ಕೆಲಸ ಹಿಡಿಯಲು ನೀನು ನಿರ್ಧರಿಸಿರುವುದನ್ನು ತಿಳಿದು ಸಂತೋಷವಾಯಿತು. ಲಿಮಿಟೆಡ್ ಕಂಪನಿ ಮಾಡಿಕೊಂಡರೆ ತೆರಿಗೆ ಬಹಳ ಉಳಿಯುತ್ತದೆಂದು ಸೈಟಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆಂದೂ, ಈ ವಾರವೇ ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ನೋಂದಾಯಿಸುವ ಯೋಚನೆಯಿದೆಯೆಂದೂ ಬರೆದಿದ್ದೀಯೆ. ಬ್ರಿಟನ್ನಿನ ಸಣ್ಣ ಗುತ್ತಿಗೆದಾರರ ಲೆಕ್ಕಪತ್ರ ನೋಡುವುದರಲ್ಲೇ ನನ್ನ ಉದ್ಯೋಗದ ಕಾಲ ಕಳೆದದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸದ್ಯಕ್ಕೆ ಸೋಲ್ ಟ್ರೇಡರ್ ಆಗಿಯೇ, ಅಂದರೆ ಕಂಪನಿಯಿಲ್ಲದೆ ಸ್ವಂತ ಹೊಣೆಯಲ್ಲಿ ವ್ಯಾಪಾರ ಮಾಡುವವನಾಗಿಯೇ ಆರಂಭಿಸು. ಕಂಪನಿಯನ್ನು ಬೇಕೆಂದಾಗ ಮಾಡಬಹುದು, ಆದರೆ ಮಾಡಿದ ಕಂಪನಿಯನ್ನು ಮುಚ್ಚುವುದು ಅಷ್ಟು ಸಲೀಸಲ್ಲ.

ತೆರಿಗೆ ಉಳಿಯುತ್ತದೆಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಈಗಿನ ಲೆಕ್ಕ ನೋಡು. ಖರ್ಚು ಕಳೆದು ನಿನಗೆ ವರ್ಷಕ್ಕೆ 40,000 ಪೌಂಡ್ ಲಾಭ ಬಂದಿತೆಂದುಕೊಳ್ಳೋಣ. ಸೋಲ್ ಟ್ರೇಡರ್ ಆಗಿದ್ದರೆ 12,570 ಪೌಂಡ್‌ವರೆಗೆ ತೆರಿಗೆಯಿಲ್ಲ. ಉಳಿದದ್ದರ ಮೇಲೆ ಶೇ. 20 ಆದಾಯ ತೆರಿಗೆ ಮತ್ತು ಶೇ. 6 ನ್ಯಾಷನಲ್ ಇನ್ಷೂರೆನ್ಸ್ (ಪಿಂಚಣಿ ಮೊದಲಾದ ಸೌಲಭ್ಯಗಳಿಗಾಗಿ ಸರ್ಕಾರಕ್ಕೆ ಕಟ್ಟುವ ವಂತಿಗೆ) ಸೇರಿ ಸುಮಾರು 7,130 ಪೌಂಡ್ ಕಟ್ಟುತ್ತೀಯೆ. ಅದೇ ಲಾಭ ಕಂಪನಿಗೆ ಬಂದು, ನೀನು 12,570 ಪೌಂಡ್ ಸಂಬಳವನ್ನೂ ಉಳಿದದ್ದನ್ನು ಡಿವಿಡೆಂಡ್ (ಷೇರುದಾರನ ಲಾಭದ ಪಾಲು) ಆಗಿಯೂ ತೆಗೆದುಕೊಂಡರೆ, ಸಂಬಳದ ಮೇಲೆ ಕಂಪನಿ ಕಟ್ಟುವ ಶೇ. 15ರ ನ್ಯಾಷನಲ್ ಇನ್ಷೂರೆನ್ಸ್, ಲಾಭದ ಮೇಲಿನ ಶೇ. 19ರ ಕಾರ್ಪೊರೇಷನ್ ತೆರಿಗೆ, 2026ರ ಏಪ್ರಿಲ್‌ನಿಂದ ಶೇ. 10.75ಕ್ಕೆ ಏರಿದ ಡಿವಿಡೆಂಡ್ ತೆರಿಗೆ, ಇವೆಲ್ಲ ಸೇರಿ 8,360ರ ಆಸುಪಾಸಿಗೆ ಬರುತ್ತದೆ. ಅಕೌಂಟೆಂಟರ ಶುಲ್ಕ ಬೇರೆ. ಗಳಿಸಿದ್ದನ್ನೆಲ್ಲ ಮನೆ ಖರ್ಚಿಗೆ ತೆಗೆಯಬೇಕಾದವನಿಗೆ ಇಲ್ಲಿ ಉಳಿತಾಯವಿಲ್ಲ, ನಷ್ಟವಿದೆ. ಲಾಭ 50,270 ಪೌಂಡ್ ದಾಟಿ ಶೇ. 40ರ ತೆರಿಗೆ ತಗಲುವಾಗ, ಅದರಲ್ಲೊಂದು ಭಾಗವನ್ನು ಕಂಪನಿಯಲ್ಲೇ ಬಿಟ್ಟಿಡುವ ಶಕ್ತಿ ನಿನಗಿದ್ದರೆ ಮಾತ್ರ ಲೆಕ್ಕ ಕಂಪನಿಯ ಕಡೆಗೆ ವಾಲುತ್ತದೆ.

ಹೊಣೆಗಾರಿಕೆಯ ವಿಚಾರ ಇದಕ್ಕಿಂತ ಗಂಭೀರವಾದದ್ದು. ಸೋಲ್ ಟ್ರೇಡರ್‌ಗೆ ವ್ಯಾಪಾರದ ಸಾಲವೂ ಸ್ವಂತ ಸಾಲವೂ ಒಂದೇ. ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ವಸೂಲಿಗೆ ನಿನ್ನ ಮನೆಯವರೆಗೂ ಬರಬಹುದು. ಕಂಪನಿಯಾದರೋ ಕಾನೂನಿನ ಕಣ್ಣಿನಲ್ಲಿ ಬೇರೆಯೇ ಒಬ್ಬ ವ್ಯಕ್ತಿ. ಇದನ್ನು ಗಟ್ಟಿಮಾಡಿದ್ದು ನಿನ್ನಂತೆಯೇ ಕೈಕಸುಬಿನವನೊಬ್ಬನ ಮೊಕದ್ದಮೆ ಎಂಬುದು ನನಗೆ ಇಂದಿಗೂ ಸ್ವಾರಸ್ಯವೆನಿಸುತ್ತದೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬೂಟು ತಯಾರಿಸುತ್ತಿದ್ದ ಆರನ್ ಸಾಲೊಮನ್ 1892ರಲ್ಲಿ ತನ್ನ ವ್ಯಾಪಾರವನ್ನು, ಮನೆಮಂದಿಯೇ ಸದಸ್ಯರಾಗಿದ್ದ ಕಂಪನಿಗೆ ಮಾರಿದ. ಅದು ದಿವಾಳಿಯಾದಾಗ ಅದರ ಸಾಲಕ್ಕೆ ಅವನು ಹೊಣೆಯಲ್ಲವೆಂದು 1896ರಲ್ಲಿ, ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ಆದರೆ ಆ ರಕ್ಷಣೆ ನಿನಗೆ ಎಷ್ಟರಮಟ್ಟಿಗೆ ದೊರೆಯುತ್ತದೆ ಎಂಬುದನ್ನು ಯೋಚಿಸು. ಹೊಸ ಕಂಪನಿಗೆ ಸಾಲ ಕೊಡುವ ಬ್ಯಾಂಕೂ, ಉದ್ದರಿ ಕೊಡುವ ಸಾಮಾನಿನ ಅಂಗಡಿಯೂ ಸಾಮಾನ್ಯವಾಗಿ ನಿರ್ದೇಶಕನ ವೈಯಕ್ತಿಕ ಜಾಮೀನು ಕೇಳುತ್ತವೆ. ಅಲ್ಲಿ ಸಹಿ ಹಾಕಿದ ಮೇಲೆ ಆ ಸಾಲದ ಮಟ್ಟಿಗೆ ಕಂಪನಿಯ ಮರೆ ಉಳಿಯುವುದಿಲ್ಲ. ನೀನೇ ಕೈಯಾರೆ ಮಾಡಿದ ವೈರಿಂಗ್‌ನಿಂದ ಯಾರಿಗಾದರೂ ಹಾನಿಯಾದರೆ, ನಿನ್ನ ಅಜಾಗರೂಕತೆಗೆ ನಿನ್ನನ್ನೇ ಹೊಣೆ ಮಾಡಲೂಬಹುದು. ಹಾಗಾಗಿ ನಿನ್ನನ್ನು ಕಾಯುವುದು ಇತರರಿಗಾದ ಹಾನಿಗೆ ಪರಿಹಾರ ಕೊಡುವ ಪಬ್ಲಿಕ್ ಲಯಬಿಲಿಟಿ ವಿಮೆಯೇ ಹೊರತು ಲೆಟರ್‌ಹೆಡ್ ಮೇಲಿನ ‘ಲಿಮಿಟೆಡ್’ ಅಲ್ಲ. ಕಂಪನಿ ಮಾಡುವ ಹಣದಲ್ಲಿ ಒಳ್ಳೆಯ ವಿಮೆ ಮಾಡಿಸು.

ಬಿಲ್ಡರುಗಳ ಕೈಕೆಳಗೆ ಕೆಲಸ ಮಾಡುವವನು ನೀನಾದ್ದರಿಂದ ಸಿಐಎಸ್ (ಕಟ್ಟಡ ಕೆಲಸದ ಉಪಗುತ್ತಿಗೆದಾರರ ಹಣದಲ್ಲಿ ತೆರಿಗೆಯನ್ನು ಮುಂಚಿತವಾಗಿ ಹಿಡಿಯುವ ಯೋಜನೆ) ನೋಂದಣಿಯನ್ನು ತಡಮಾಡಬೇಡ. ನೋಂದಾಯಿಸಿದವನ ಕೂಲಿಯಲ್ಲಿ ಗುತ್ತಿಗೆದಾರ ಶೇ. 20 ಹಿಡಿದು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕಟ್ಟುತ್ತಾನೆ, ನೋಂದಾಯಿಸದಿದ್ದರೆ ಶೇ. 30 ಹಿಡಿಯುತ್ತಾನೆ. ಕಡಿತ ಕೂಲಿಯ ಮೇಲೆ ಮಾತ್ರ, ಸಾಮಗ್ರಿಯ ಮೇಲೆ ಅಲ್ಲ. ಆದ್ದರಿಂದ ಬಿಲ್ಲಿನಲ್ಲಿ ಕೇಬಲ್, ಸ್ವಿಚ್ಚುಗಳ ಬೆಲೆಯನ್ನು ಬೇರೆಯಾಗಿಯೇ ಬರೆ. ಕಡಿತದ ಚೀಟಿಗಳನ್ನು ಜೋಪಾನವಾಗಿಟ್ಟರೆ ವರ್ಷದ ಲೆಕ್ಕದಲ್ಲಿ ಅವು ನಿನ್ನ ತೆರಿಗೆಗೆ ಜಮೆಯಾಗುತ್ತವೆ, ಹೆಚ್ಚಾದದ್ದು ವಾಪಸು ಬರುತ್ತದೆ. ನೇರವಾಗಿ ಮನೆಗಳವರಿಗೆ ಮಾಡುವ ಕೆಲಸದಲ್ಲಿ ಇಂಥ ಕಡಿತವಿಲ್ಲದ್ದರಿಂದ, ಬಂದ ಹಣದಲ್ಲಿ ಒಂದು ಪಾಲನ್ನು ಆಗಲೇ ಬೇರೆ ಖಾತೆಗೆ ಹಾಕು. ಇಂಥ ಕೆಲಸವೇ ಹೆಚ್ಚಾದರೆ ಮೊದಲ ಜನವರಿ 31ರಂದು ಹಿಂದಿನ ವರ್ಷದ ತೆರಿಗೆಯ ಜೊತೆಗೆ ಮುಂದಿನದರ ಅರ್ಧವನ್ನೂ ಕಟ್ಟಬೇಕಾಗುತ್ತದೆ. ವ್ಯಾಟ್ ವಿಷಯದಲ್ಲಿ ಸೋಲ್ ಟ್ರೇಡರ್‌ಗೂ ಕಂಪನಿಗೂ ಭೇದವಿಲ್ಲ: ವಹಿವಾಟು 90,000 ಪೌಂಡ್ ದಾಟಿದರೆ ಇಬ್ಬರೂ ನೋಂದಾಯಿಸಲೇಬೇಕು.

ಇಬ್ಬರು ಮೂವರನ್ನು ಕೆಲಸಕ್ಕೆ ಇಟ್ಟುಕೊಂಡಾಗ, ದೊಡ್ಡ ಗುತ್ತಿಗೆದಾರರು ಕಂಪನಿಗೆ ಮಾತ್ರ ಕೆಲಸ ಕೊಡುತ್ತೇವೆಂದಾಗ, ಅಥವಾ ಹಣ ಬರುವುದು ತಡವಾದರೆ ಮನೆಗೇ ಕುತ್ತು ಬರುವಷ್ಟು ದೊಡ್ಡ ಗುತ್ತಿಗೆ ಸಿಕ್ಕಾಗ ಕಂಪನಿಯ ಮಾತು ಎತ್ತು. ಆಗ ನಾನೇ ಮುಂದೆ ನಿಂತು ಮಾಡಿಸುತ್ತೇನೆ. ಆಗಲೂ ಒಂದು ಎಚ್ಚರವಿರಲಿ: ಕಂಪನಿಯ ಖಾತೆಯಲ್ಲಿರುವುದು ನಿನ್ನ ಜೇಬಿನ ಹಣವಲ್ಲ, ಮನಬಂದಂತೆ ತೆಗೆದರೆ ಅದು ಕಂಪನಿಗೆ ನೀನು ತೀರಿಸಬೇಕಾದ ಸಾಲವಾಗುತ್ತದೆ.

ನಿನಗೆ ಕೆಲಸ ಕೊಡುವ ಬಿಲ್ಡರ್ ಕಳಿಸಿರುವ ಒಪ್ಪಂದದ ಪ್ರತಿಯನ್ನು ಸಹಿ ಹಾಕುವ ಮುಂಚೆ ನನಗೆ ಕಳಿಸು. ಹಣ ಎಷ್ಟು ದಿನಕ್ಕೆ ಬರುತ್ತದೆ, ಕೊನೆಯ ಕಂತನ್ನು ಎಷ್ಟು ಕಾಲ ತಡೆಹಿಡಿಯುತ್ತಾರೆ ಎಂಬ ಎರಡು ಷರತ್ತುಗಳನ್ನು ನೋಡಬೇಕು.

ಇಂತಿ,
ನಿನ್ನ ಸೋದರಮಾವ